ಹಾಲು ಒಡೆದ ಮೇಲೆ ಹೆಪ್ಪು ಹಾಕಿದರೆ?

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮೂಡಲ್ಲಿದ್ದೇನೆ ಮಾರಾಯ್ರೆ. ಜಗಳ ಟ್ರೈಕೋಡರ್ಮಾ ಮೇಲಲ್ಲ (ಬೆಳೆಯ ರೋಗ ತಡೆಯಲು ಬಳಸುವ ಒಳ್ಳೆಯ ಶಿಲೀಂಧ್ರ ಅದು), ಅದನ್ನು ನಾವು ಬಳಸುವ ಚಂದದ ಮೇಲೆ.

ಕುಂದಾಪುರ, ಬೈಂದೂರು ಕಡೆ ಭತ್ತ ಕೊಯ್ದ ಮೇಲೆ ಹೊಯಿಗೆ ಗದ್ದೆಗೆ ನೆಲಗಡಲೆ ಹಾಕುತ್ತೇವಲ್ವಾ. ಗಿಡ ಹಸಿರಾಗೇ ಇರುತ್ತದೆ, ಒಂದು ಬೆಳಿಗ್ಗೆ ನೋಡಿದರೆ ಒಂದು ಕೊಂಬೆ ಮಾತ್ರ ಬಾಡಿದೆ. ಎಳೆದರೆ ಗಿಡ ಕೈಗೆ ಬರುತ್ತದೆ, ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಬುಡದಲ್ಲಿ ಬಿಳಿ ನೂಲು, ಅದರ ನಡುವೆ ಸಾಸಿವೆಯಂಥ ಕಂದು ಕಾಳು. ಅದೇ ಸ್ಕ್ಲೆರೋಷಿಯಂ ಅನ್ನುವ ಶಿಲೀಂಧ್ರ, ಅದು ತರುವ ರೋಗ ಬುಡ ಕೊಳೆ. ಆ ಕಾಳು ಮಣ್ಣಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ.

ಆಗ ನಾವು ಟ್ರೈಕೋಡರ್ಮಾ ತರಲು ಅಂಗಡಿಗೆ ಓಡುತ್ತೇವೆ. ನಾನೂ ಓಡಿದವನೇ. ಮರುವರ್ಷ ಬುದ್ಧಿ ಬಂತು ಅಂದುಕೊಂಡು ಬಿತ್ತುವ ಮೊದಲೇ ಟ್ರೈಕೋಡರ್ಮಾ ತಂದೆ, ಆದರೆ ಮಧ್ಯಾಹ್ನವಿಡೀ ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟೆ, ಅದರ ಮೇಲೆ, ತಂದ ಬೀಜಕ್ಕೆ ಆಗಲೇ ಗುಲಾಬಿ ಬಣ್ಣದ ಶಿಲೀಂಧ್ರನಾಶಕ ಹಚ್ಚಿತ್ತು. ಅಂದರೆ ಶಿಲೀಂಧ್ರ ಕೊಲ್ಲುವ ಮದ್ದಿನ ಮೇಲೆ ಶಿಲೀಂಧ್ರವನ್ನೇ ಸವರಿದೆ! ಆಮೇಲೆ "ಜೈವಿಕ ಎಲ್ಲ ಬರೀ ಬೊಗಳೆ" ಅಂತ ಊರಿಡೀ ಹೇಳಿಕೊಂಡು ಬಂದೆ.

ಇದು ಮದ್ದಲ್ಲ, ಹೆಪ್ಪು. ಜೀವ ಇರಬೇಕು, ಮೊದಲೇ ಹಾಕಬೇಕು. ಟ್ರೈಕೋಡರ್ಮಾ ಬೇರಿನ ಸುತ್ತ ಮೊದಲು ಜಾಗ ಹಿಡಿಯುತ್ತದೆ, ರೋಗದ ಶಿಲೀಂಧ್ರ ಬಂದರೆ ಅದರ ನೂಲಿಗೆ ಬಳ್ಳಿಯ ಹಾಗೆ ಸುತ್ತಿಕೊಂಡು ಗೋಡೆ ಕರಗಿಸಿ ತಿನ್ನುತ್ತದೆ. ಗಿಡ ಸತ್ತ ಮೇಲೆ ಸುರಿದರೆ ಅದು ತಾನೆ ಏನು ಮಾಡೀತು?

ಈಗ ನಾನು ಮಾಡುವುದು ಇಷ್ಟೇ. 1 ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪೌಡರ್, ತಣಿದ ಗಂಜಿ ತಿಳಿ ಚೂರು ಚಿಮುಕಿಸಿ, ಸಿಪ್ಪೆ ಸುಲಿಯದ ಹಾಗೆ ಕೈಯಲ್ಲೇ ಮೆತ್ತಗೆ ಹೊರಳಿಸಿ ನೆರಳಲ್ಲಿ ಆರಿಸುವುದು. ರೈಜೋಬಿಯಂ (ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಹಚ್ಚುವುದಿದ್ದರೆ ಅದು ಕೊನೆಗೆ. ಗದ್ದೆಗೆ ಎಕರೆಗೆ 1 ಕೆ.ಜಿ., ಚೆನ್ನಾಗಿ ಕಳಿತ ಹಟ್ಟಿಗೊಬ್ಬರಕ್ಕೆ ಬೆರೆಸಿ, ಒದ್ದೆ ಗೋಣಿ ಮುಚ್ಚಿ ಕೆಲವು ದಿನ ನೆರಳಲ್ಲಿಟ್ಟು, ಆಮೇಲೆ ತೇವ ಇರುವ ಮಣ್ಣಿಗೆ. ಎಲೆಚುಕ್ಕೆ ರೋಗಕ್ಕೆ ಇದನ್ನೇ ನಂಬಿ ಕೂರಬೇಡಿ, ಅದು ಬೇರೆ ಕಥೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಮಾರುವವರ ಮೇಲೆ. ಮೊನ್ನೆ ಒಂದು ಅಂಗಡಿಯಲ್ಲಿ ಕೇಳಿದೆ, ಶೀಟಿನ ಮಾಡಿನ ಕೆಳಗೆ ಬಿಸಿಲು ಬಡಿಯುವ ಕಿಟಕಿ ಹತ್ತಿರದಿಂದ ಒಂದು ಪ್ಯಾಕೆಟ್ ತೆಗೆದು ಧೂಳು ಒರೆಸಿ ಕೊಟ್ಟರು. ತಾರೀಕು ನೋಡಿದೆ, ಅವಧಿ ಮುಗಿದು ಎರಡು ತಿಂಗಳು. "ಪೌಡರ್ ಅಲ್ವಾ, ಏನಾಗಲ್ಲ" ಅಂದರು. ವಾಪಸ್ ಕೊಟ್ಟು ಬಂದೆ.