ಮೊದಲು ಮಾಳಿಗೆ ಹತ್ತಿರಿ, ಆಮೇಲೆ ಮಾತನಾಡಿರಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಂಚಿಕೆಯಲ್ಲಿ ನಾನು ಲಾಕ್‌ಡೌನ್ ದಿನಗಳ ಸಂಡಿಗೆಯ ಸುದ್ದಿಯನ್ನು ಎರಡೇ ಎರಡು ನಿಮಿಷ ಎತ್ತಿದ್ದೆ. ಅದಕ್ಕೆ ವೀಕ್ಷಕರೊಬ್ಬರು, "ಅಣ್ಣಾರ, ಮಂದಿ ಸಾಯಾಕತ್ತಿದ್ರು, ನೀವು ಮಾಳಿಗಿ ಮ್ಯಾಲೆ ಸಂಡಿಗಿ ತಿನಕೊಂತ ಕುಂತಿದ್ರೇನು?" ಎಂದು ಬರೆದಿದ್ದಾರೆ. ಹೌದು, ಕುಳಿತಿದ್ದೆ. ಅದೂ ಅರೆ ಒಣಗಿದ ಸಂಡಿಗೆ. ಆ ಎರಡು ನಿಮಿಷಕ್ಕೆ ಬಂದ ಸಿಟ್ಟನ್ನು ನೋಡಿ ಇಂದು ಪೂರ್ತಿ ಸಂಚಿಕೆಯನ್ನೇ ಅದಕ್ಕೆ ಮೀಸಲಿಟ್ಟಿದ್ದೇನೆ.

ನನ್ನ ಮಾತು ಇಷ್ಟೇ: ಲಾಕ್‌ಡೌನ್ ಕಾಲದಲ್ಲಿ ಬಳ್ಳಾರಿಯವರಿಗೆ ದಕ್ಕಿದ ನಿಜವಾದ ಸುಖ ನಮ್ಮ ತಲೆಯ ಮೇಲೆಯೇ ಇತ್ತು, ಅದಕ್ಕೆ ಒಂದು ಪೈಸೆಯ ಖರ್ಚೂ ಇರಲಿಲ್ಲ, ನಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಅದು 18 ಮೆಟ್ಟಿಲು ದೂರದಲ್ಲಿತ್ತು. ಬೆಂಗಳೂರಿನವರು ಟೆರೇಸು ಎನ್ನುತ್ತಾರೆ, ನಾವು ಮಾಳಿಗೆ ಎನ್ನುತ್ತೇವೆ. ಅವರ ಟೆರೇಸಿನಲ್ಲಿ ನೀರಿನ ಟ್ಯಾಂಕು ಮಲಗುತ್ತದೆ, ನಮ್ಮ ಮಾಳಿಗೆಯಲ್ಲಿ ಮನುಷ್ಯರು ಮಲಗುತ್ತಾರೆ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಅಂದು ಯುಗಾದಿ ಎಂಬುದು ನಿಮಗೆ ನೆನಪಿರಬಹುದು. ಶಾರ್ವರಿ ಸಂವತ್ಸರದ ಮೊದಲ ದಿನ. ಶಾರ್ವರಿ ಎಂದರೆ ಇರುಳು. ಪಂಚಾಂಗದವರು ಅದಕ್ಕೆ ಏನೇನು ಫಲ ಹೇಳಿದರೋ ತಿಳಿಯದು, ಆ ಬೇಸಿಗೆಯಲ್ಲಿ ನನ್ನ ಪಾಲಿಗೆ ಒದಗಿದ್ದಂತೂ ಇರುಳೇ. ಜೀನ್ಸ್ ಹೊಲಿಯುವ ಘಟಕಗಳಿಗೆ ಗುಂಡಿ, ಜಿಪ್ಪು, ದಾರ ಒದಗಿಸುವ ನನ್ನ ಅಂಗಡಿ ಮುಚ್ಚಿತ್ತು, ಬರಬೇಕಾದ ಬಾಕಿ ಬರಲಿಲ್ಲ, ಕೊಡಬೇಕಾದವರ ಫೋನು ಮಾತ್ರ ಬರುತ್ತಿತ್ತು. ಮಾಳಿಗೆಯ ಮೇಲೆ ಮನೆಯೊಳಗಿನಷ್ಟು ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಇದು ನನ್ನ ವಾದದ ಮೊದಲನೆಯ ಕಾರಣ.

ಎರಡನೆಯ ಕಾರಣ ನೀರು. ಏಪ್ರಿಲ್‌ನಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಹಗಲೆಲ್ಲ ಕಾದ ಕಾಂಕ್ರೀಟು ಹೊತ್ತು ಮುಳುಗಿದ ಮೇಲೆಯೂ ಒಲೆಯ ಮೇಲಿನ ಹಂಚಿನಂತೆಯೇ ಇರುತ್ತದೆ. ಸಂಜೆ ಆರೂವರೆಗೆ ನಾಲ್ಕು ಕೊಡ ನೀರು ಚೆಲ್ಲಿದರೆ ಮೊದಲನೆಯ ಕೊಡ ಬುಸ್ಸೆಂದು ಆವಿಯಾಗುತ್ತದೆ, ಎರಡನೆಯದಕ್ಕೆ ಮಣ್ಣಿನ ವಾಸನೆ ಏಳುತ್ತದೆ, ಮೂರನೆಯದಕ್ಕೆ ಅಂಗಾಲು ನಂಬುತ್ತದೆ, ನಾಲ್ಕನೆಯದು ಅವ್ವನ ಬೈಗುಳಕ್ಕೆ, ಏಕೆಂದರೆ ಮುಂದಿನ ನೀರು ಯಾವಾಗ ಬರುತ್ತದೆಂದು ನಳಕ್ಕೇ ಗೊತ್ತಿರಲಿಲ್ಲ. ಆಮೇಲೆ ಚಾಪೆ, ಅದರ ಮೇಲೆ ಕೌದಿ, ತಲೆಯ ಬಳಿ ನೀರಿನ ತಂಬಿಗೆ, ತಟ್ಟೆಯಲ್ಲಿ ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಇದನ್ನು ಬಿಟ್ಟು ಕೆಲವರು ಕೆಳಗೆ ಕುಳಿತು ಕಾಫಿಯನ್ನು ಅರ್ಧ ಗಂಟೆ ಕಡೆದು ನೊರೆಯ ಫೋಟೊ ತೆಗೆಯುತ್ತಿದ್ದರು. ಅಷ್ಟು ಹೊತ್ತು ಮಜ್ಜಿಗೆ ಕಡೆದಿದ್ದರೆ ಬೆಣ್ಣೆಯಾದರೂ ಬರುತ್ತಿತ್ತು.

ಸಂಡಿಗೆಯ ವಿಷಯಕ್ಕೆ ಬರುತ್ತೇನೆ, ಅದೇ ತಾನೇ ಅಪರಾಧ. ಬೆಳಗಿನ ಆರು ಗಂಟೆಗೆ ಹಿಟ್ಟು ಕುದಿಸಿ, ಅಪ್ಪನ ಹಳೆಯ ಪಂಚೆಯನ್ನು ಮಾಳಿಗೆಯ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು, ಅವ್ವ ಚಮಚದಿಂದ ಒಂದೊಂದೇ ಇಟ್ಟುಕೊಂಡು ಹೋಗುತ್ತಿದ್ದರು. ಮಗಳು ಕೊಡೆ ಹಿಡಿದು ಕಾಗೆ ಕಾಯುತ್ತಿದ್ದಳು. ಹನ್ನೊಂದರ ಹೊತ್ತಿಗೆ ಅಂಚು ಗರಿಗರಿಯಾಗಿ ನಡುವೆ ಇನ್ನೂ ಮೆತ್ತಗಿರುವ ಒಂದು ಗಳಿಗೆ ಇದೆ, ಆಗ ಅಂಗಿಯ ಗುಂಡಿಯಷ್ಟು ಕಿತ್ತು ಬಾಯಿಗೆ ಹಾಕಿಕೊಂಡರೆ ಉಪ್ಪು, ಜೀರಿಗೆ, ಹಸಿಮೆಣಸಿನ ಖಾರ ಮೂರೂ ಬೇರೆಬೇರೆಯಾಗಿ ಸಿಗುತ್ತವೆ. ಪೂರ್ತಿ ಒಣಗಿದ ಮೇಲೆ ಬಟ್ಟೆಯನ್ನು ಮಗುಚಿ ಬೆನ್ನಿಗೆ ನೀರು ಚಿಮುಕಿಸಿ ಬಿಡಿಸಬೇಕು, ಎಳೆದರೆ ಮುರಿಯುತ್ತದೆ. ನಲವತ್ತೈದು ವರ್ಷ ಸಂಡಿಗೆ ತಿಂದ ನನಗೆ ಇದು ಗೊತ್ತಾಗಿದ್ದು ಅಂಗಡಿ ಮುಚ್ಚಿದ ಮೇಲೆ. ಅಂದ ಹಾಗೆ, ಅವ್ವನ ಸಂಡಿಗೆ ಮಾರಾಟಕ್ಕಿಲ್ಲ, ದಯವಿಟ್ಟು ಬೆಲೆ ಕೇಳಬೇಡಿ. ಚಾನೆಲ್‌ಗೆ ಚಂದಾದಾರರಾಗಿ, ಅದು ಉಚಿತ.

ಮೂರನೆಯ ಕಾರಣ ಆಕಾಶ. 2020ರ ಏಪ್ರಿಲ್ 3ರ ಸಂಜೆ ಪಶ್ಚಿಮದಲ್ಲಿ ಶುಕ್ರ ನೇರವಾಗಿ ಕೃತ್ತಿಕೆಯ ನಕ್ಷತ್ರಗಳ ಗುಂಪಿನ ಪಕ್ಕಕ್ಕೇ ಬಂದು ನಿಂತಿದ್ದ. ಎಂಟು ವರ್ಷಕ್ಕೊಮ್ಮೆ ನಡೆಯುವ ಸಂಗತಿ ಅದು. ಐದು ದಿನ ಕಳೆದರೆ ಹನುಮ ಜಯಂತಿಯ ಹುಣ್ಣಿಮೆ, ಆ ವರ್ಷದ ಅತಿ ದೊಡ್ಡ ಚಂದ್ರ. ಚಂದ್ರನ ಬೆಳಕಿನಲ್ಲಿ ಕೋಟೆಯ ಗುಡ್ಡವನ್ನೂ ಕುಂಬಾರ ಗುಡ್ಡವನ್ನೂ ನೋಡಿ ಯಾವುದು ಎತ್ತರ ಎಂದು ನಾವು ಮೂರು ರಾತ್ರಿ ಜಗಳವಾಡಿದೆವು. ಕುಂಬಾರ ಗುಡ್ಡವೇ ಎತ್ತರ, ಅದನ್ನು ಗಮನಿಸದೆ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದ ಎಂಬ ಕಥೆ ಊರಿನಲ್ಲಿದೆಯಲ್ಲ! ಆ ಎಂಜಿನಿಯರ್ ಒಂದು ರಾತ್ರಿ ನಮ್ಮ ಮಾಳಿಗೆಯ ಮೇಲೆ ಮಲಗಿದ್ದರೆ ಬದುಕಿಕೊಳ್ಳುತ್ತಿದ್ದ.

ಈಗ ಆಕ್ಷೇಪಗಳು. ಒಬ್ಬರು, ತಾವು ಆ ಅವಧಿಯಲ್ಲಿ ಮೂರು ಆನ್‌ಲೈನ್ ಕೋರ್ಸ್ ಮುಗಿಸಿದ್ದಾಗಿಯೂ ನಾನು ಕಾಲ ಕಳೆದೆನೆಂದೂ ಬರೆದಿದ್ದಾರೆ. ಸ್ವಾಮಿ, ಆ ಮೂರು ಪ್ರಮಾಣಪತ್ರಗಳನ್ನು ಹಾಸಿ ಅದರ ಮೇಲೆ ಮಲಗಿ ನೋಡಿ, ಕೌದಿಯಷ್ಟು ಮೆತ್ತಗಿರುವುದಿಲ್ಲ. ಇನ್ನೊಬ್ಬರು, ಮಾಳಿಗೆ ಇಲ್ಲದವರ ಗತಿ ಏನು ಎಂದು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಮಾಳಿಗೆ ಇದ್ದವರೇ ಹತ್ತಲಿಲ್ಲವಲ್ಲ, ಮೊದಲು ಅವರ ವಿಚಾರಣೆ ಆಗಲಿ.

ಸತ್ತವರ ಮಾತು ಎತ್ತಿದವರಿಗೆ ಉತ್ತರ ಬೇರೆ. 2021ರ ಮೇ ತಿಂಗಳಲ್ಲಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಕಿರಾಣಿ ಸಿಗುತ್ತಿತ್ತು, ನಮ್ಮ ಜಿಲ್ಲೆಯ ಉಕ್ಕಿನ ಕಾರ್ಖಾನೆಯ ಊರು ತೋರಣಗಲ್ಲಿನಿಂದ ಆಮ್ಲಜನಕದ ಟ್ಯಾಂಕರುಗಳು ಹೊರಡುತ್ತಿದ್ದವು. ನಮ್ಮ ಚಿಕ್ಕಪ್ಪ ತೀರಿಕೊಂಡದ್ದು ಅದೇ ತಿಂಗಳು. ಮುಖ ನೋಡಲು ಆಗಲಿಲ್ಲ. ಆ ರಾತ್ರಿಯೂ ನಾವು ಮಾಳಿಗೆಯ ಮೇಲೆಯೇ ಮಲಗಿದೆವು, ಕೆಳಗೆ ಸೆಕೆ ಇತ್ತು. ಅವ್ವ ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ ಎದ್ದು ಎಲ್ಲರಿಗೂ ಒಂದೊಂದು ಲೋಟ ಮಜ್ಜಿಗೆ ತಂದರು, ಕುಡಿದೆವು. ಅದನ್ನು ಸುಖ ಎನ್ನಬೇಡಿ ಎಂದರೆ ಎನ್ನುವುದಿಲ್ಲ. ಆದರೆ ಮಜ್ಜಿಗೆ ಚೆನ್ನಾಗಿತ್ತು.

ಆದ್ದರಿಂದ ಮತ್ತೆ ಹೇಳುತ್ತೇನೆ, ಈ ಬಾರಿ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ: ಮೊದಲು ಮಾಳಿಗೆ ಹತ್ತಿರಿ! ಕಾರಣಗಳ ಚೀಟಿಯಲ್ಲಿ ನಾನು ಏಳು ಅಂಶ ಬರೆದುಕೊಂಡಿದ್ದೆ, ನಾಲ್ಕನೆಯದು ಗಾಳಿ, ಐದನೆಯದೂ ಗಾಳಿ ಎಂದೇ ಇದೆ, ಆರು ಮತ್ತು ಏಳರ ಮೇಲೆ ಮಗಳು ಹೂವಿನ ಚಿತ್ರ ಬರೆದಿದ್ದಾಳೆ. ಇರಲಿ. ಗಾಳಿ ಬೀಸುತ್ತದೆ. ಇನ್ನೇನು ಬೇಕು ನಿಮಗೆ?

ಶುಕ್ರ ಮತ್ತೆ ಕೃತ್ತಿಕೆಯ ಬಳಿಗೆ ಬರುವುದು 2028ರ ಏಪ್ರಿಲ್‌ನಲ್ಲಿ, ಅದನ್ನು ಈ ಚಾನೆಲ್‌ನಲ್ಲಿ ನೇರಪ್ರಸಾರ ಮಾಡುತ್ತೇನೆ, ಗಂಟೆಯ ಗುರುತನ್ನು ಈಗಲೇ ಒತ್ತಿಡಿ. ಸಂಡಿಗೆಯ ಮಹಾಶಯರೇ, ನಿಮಗೂ ಆಹ್ವಾನವಿದೆ. ಚಾಪೆ ನೀವೇ ತನ್ನಿ, ನಮ್ಮ ಮನೆಯಲ್ಲಿ ಇರುವುದು ನಾಲ್ಕೇ. ಸಂಜೆ ಆರೂವರೆ ಆಯಿತು, ಅವ್ವ ಕೆಳಗಿನಿಂದ ಕೂಗುತ್ತಿದ್ದಾರೆ, ಇಂದು ಎರಡೇ ಕೊಡವಂತೆ.