ಹವಳದ ಅಕ್ವೇರಿಯಂಗೆ ಪಾಚಿ ಹಿಡಿದಾಗ

ಕೇಳುಗರಿಗೆ ನಮಸ್ಕಾರ.

ಉಪ್ಪುನೀರಿನ ಟ್ಯಾಂಕ್ ಇಟ್ಟು ಹವಳ ಬೆಳೆಸುವವರಿಗೆ ಪಾಚಿಯ ಕಾಟ ಒಂದಲ್ಲ ಒಂದು ದಿನ ತಪ್ಪಿದ್ದಲ್ಲ. ಕಂಡ ಕೂಡಲೇ ಔಷಧಿ ತಂದು ಸುರಿಯುವವರೇ ಹೆಚ್ಚು. ಅದಕ್ಕೆ ಮೊದಲು, ಬೆಳೆದಿರುವುದು ಏನು ಅಂತ ಗುರುತು ಹಿಡಿಯಬೇಕು. ಯಾಕೆಂದರೆ ಒಂದನ್ನು ಸಾಯಿಸುವ ಉಪಾಯವೇ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ.

ಟ್ಯಾಂಕ್ ಹೊಸದಾಗಿದ್ದು, ಮರಳು ಮತ್ತು ಗಾಜಿನ ಮೇಲೆ ಕಂದು ಪುಡಿ ಕೂತಿದ್ದರೆ ಅದು ಡಯಾಟಮ್ ಎಂಬ ಏಕಕೋಶ ಪಾಚಿ. ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ನೀರಿನ ಸಿಲಿಕೇಟ್ ಮುಗಿದ ಮೇಲೆ ತಾನಾಗಿಯೇ ತಗ್ಗುತ್ತದೆ, ಏನೂ ಮಾಡಬೇಡಿ. ಹಳೆಯ ಟ್ಯಾಂಕ್‌ನಲ್ಲಿ ಮತ್ತೆ ಬಂದರೆ ಮಾತ್ರ ನೀರು ಶುದ್ಧಿ ಮಾಡುವ ಉಪಕರಣ ನೋಡಿ. ಆರ್‌ಓ ಪೊರೆಯ ನಂತರ ಇರುವ, ಉಳಿದ ಲವಣ ಹೀರುವ ಡಿಐ ರೆಸಿನ್ ಸೋಲುತ್ತಾ ಬಂದಾಗ ಮೊದಮೊದಲು ನುಸುಳುವುದು ಸಿಲಿಕೇಟೇ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುತ್ತಿದ್ದರೂ ಅದು ನುಸುಳಬಹುದು. ಮೀಟರನ್ನು ನಂಬಿ ಕೂರದೆ ರೆಸಿನ್ ಬದಲಿಸಿ.

ಇನ್ನು ಹೆಚ್ಚಿನವರ ತಲೆನೋವು, ಕಲ್ಲಿನ ಮೇಲೆ ಉದ್ದುದ್ದ ಬೆಳೆಯುವ ಹಸಿರು ಕೂದಲು ಪಾಚಿ. ಇದಕ್ಕೆ ಬೇಕಾದದ್ದು ನೈಟ್ರೇಟ್ ಮತ್ತು ಫಾಸ್ಫೇಟ್. ಪರೀಕ್ಷೆ ಮಾಡಿದರೆ ಫಾಸ್ಫೇಟ್ ಇಲ್ಲವೇ ಇಲ್ಲ ಅಂತ ಬರುತ್ತದೆ, ಪಾಚಿ ಮಾತ್ರ ಗೇಣುದ್ದ ಇರುತ್ತದೆ! ಕಿಟ್ ಸುಳ್ಳು ಹೇಳುತ್ತಿಲ್ಲ. ನೀರಿಗೆ ಬಿದ್ದ ಫಾಸ್ಫೇಟನ್ನು ಪಾಚಿ ಆಗಿಂದಾಗಲೇ ಹೀರಿಬಿಡುತ್ತದೆ, ಉಳಿದದ್ದನ್ನಷ್ಟೇ ಕಿಟ್ ಅಳೆಯುತ್ತದೆ. ಮೇಲಾಗಿ ಕಲ್ಲು ಕೂಡ ಫಾಸ್ಫೇಟ್ ಹಿಡಿದಿಟ್ಟುಕೊಂಡು, ನೀರಿನಲ್ಲಿ ಕಡಿಮೆಯಾದಾಗ ಮೆಲ್ಲಗೆ ಬಿಡುತ್ತಾ ಇರುತ್ತದೆ. ಹಾಗಾಗಿ ಒಂದು ವಾರದಲ್ಲಿ ಫಲ ಕಾಣುವ ಕೆಲಸ ಇದಲ್ಲ, ತಿಂಗಳುಗಳೇ ಬೇಕು.

ಮೊದಲು ಕೈ ಹಾಕಿ ಕೀಳಬೇಕು. ನೀರು ಬದಲಿಸುವ ದಿನವೇ ಇಟ್ಟುಕೊಳ್ಳಿ. ಪಂಪುಗಳನ್ನು ನಿಲ್ಲಿಸಿ, ಇಲ್ಲದಿದ್ದರೆ ಕಿತ್ತ ಚೂರುಗಳು ಟ್ಯಾಂಕ್ ತುಂಬಾ ಹರಡಿ ಹೊಸ ಜಾಗದಲ್ಲಿ ಬೇರೂರುತ್ತವೆ. ಸೈಫನ್ ಕೊಳವೆಯ ಬಾಯನ್ನು ಪಾಚಿಯ ಬುಡಕ್ಕೇ ಹಿಡಿದು, ಇನ್ನೊಂದು ಕೈಯಲ್ಲಿ ಗಟ್ಟಿ ಎಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ. ಎದ್ದದ್ದೆಲ್ಲ ನೇರ ಬಕೆಟ್‌ಗೆ ಹೋಗಬೇಕು. ಹೊರಗೆ ತೆಗೆಯಬಹುದಾದ ಕಲ್ಲಾದರೆ, ಬಕೆಟ್‌ನಲ್ಲಿರುವ ಟ್ಯಾಂಕ್ ನೀರಿನಲ್ಲೇ ಉಜ್ಜಿ ತೊಳೆಯಿರಿ. ನಲ್ಲಿ ನೀರಿಗೆ ಹಿಡಿದರೆ ಕಲ್ಲಿನೊಳಗಿನ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ.

ಬಸವನಹುಳುಗಳನ್ನು ಬಿಡುವುದು ಇದಾದ ಮೇಲೆ. ಉದ್ದ ಬೆಳೆದ ಕೂದಲನ್ನು ಹೆಚ್ಚಿನವು ಮೂಸಿಯೂ ನೋಡುವುದಿಲ್ಲ. ಗಿಡ್ಡ ಚಿಗುರೇ ಅವಕ್ಕೆ ಇಷ್ಟ. ಟ್ರೋಕಸ್ ಜಾತಿಯದು ಸಿಕ್ಕರೆ ಅದನ್ನೇ ತನ್ನಿ, ಮಗುಚಿ ಬಿದ್ದರೆ ತಾನೇ ನೆಟ್ಟಗಾಗುತ್ತದೆ. ಅಸ್ಟ್ರೇಯಾ ಎಂಬ ಇನ್ನೊಂದು ಜಾತಿಯ ಹುಳು ಮರಳ ಮೇಲೆ ಮಗುಚಿದರೆ ಅಲ್ಲೇ ಸಾಯುವುದುಂಟು. 200 ಲೀಟರ್ ಟ್ಯಾಂಕ್‌ಗೆ 8–10 ಹುಳು ಸಾಕು. ಒಮ್ಮೆಲೇ 50 ಬಿಟ್ಟರೆ ತಿನ್ನಲು ಸಿಗದೆ ಸತ್ತು, ಅವುಗಳ ಕೊಳೆಯೇ ಪಾಚಿಗೆ ಗೊಬ್ಬರವಾಗುತ್ತದೆ.

ಆಮೇಲೆ ಪೋಷಕಾಂಶ. ನೈಟ್ರೇಟ್ 2ರಿಂದ 10 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇದ್ದರೆ ಒಳ್ಳೆಯದು. ಹಿಮಗಟ್ಟಿಸಿದ ಆಹಾರವನ್ನು ಸಣ್ಣ ಜಾಲರಿಯಲ್ಲಿ ಕರಗಿಸಿ, ಆ ನೀರು ಚೆಲ್ಲಿ, ತೊಳೆದು ಹಾಕಿ. ಕೊಳೆ ಹಿಡಿಯುವ ಬಟ್ಟೆ ಚೀಲ, ಅಂದರೆ ಫಿಲ್ಟರ್ ಸಾಕ್ಸನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಿ. ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರು ಬದಲಾವಣೆ, ದೀಪ ದಿನಕ್ಕೆ 8–9 ಗಂಟೆ. ಫಾಸ್ಫೇಟ್ ಹೀರಲು ಜಿಎಫ್‌ಓ, ಅಂದರೆ ಕಬ್ಬಿಣದ ಆಕ್ಸೈಡ್ ಹರಳು ಬಳಸುವುದಾದರೆ, ಮೊದಲು ಕೆಂಪು ಪುಡಿ ಹೋಗುವವರೆಗೆ ತೊಳೆದು, ಡಬ್ಬಿಯ ಮೇಲೆ ಬರೆದ ಪ್ರಮಾಣದ ಅರ್ಧದಿಂದ ಶುರು ಮಾಡಿ. ಫಾಸ್ಫೇಟ್ ದಿಢೀರನೆ ಕುಸಿದರೆ ಹವಳದ ಮೈ ಕಳಚಿ ಬಿಳಿ ಅಸ್ಥಿ ಬಯಲಾಗುತ್ತದೆ.

ಕೂದಲು ಪಾಚಿಯ ಒಂದು ಎಳೆಯನ್ನು ಭೂತಗನ್ನಡಿಯಲ್ಲಿ ನೋಡುವುದು ಮರೆಯಬೇಡಿ. ನಡುದಂಟು, ಎರಡೂ ಬದಿಗೆ ಸಣ್ಣ ಸಣ್ಣ ಕವಲು, ಹೀಗೆ ಹಕ್ಕಿಯ ಗರಿಯ ಹಾಗಿದ್ದರೆ ಅದು ಬ್ರಯಾಪ್ಸಿಸ್. ಪೋಷಕಾಂಶ ಇಳಿಸಿದ ಮಾತ್ರಕ್ಕೆ ಅದು ಸುಲಭದಲ್ಲಿ ಹೋಗುವುದಿಲ್ಲ. ಹವಳ ಸಾಕುವವರು ಇದಕ್ಕೆ ಬಳಸುವುದು ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧಿ: ಲೀಟರಿಗೆ ಸುಮಾರು 5 ಮಿಲಿಗ್ರಾಂ, ಎರಡರಿಂದ ಮೂರು ವಾರ, ಆ ಅವಧಿಯಲ್ಲಿ ಫಿಲ್ಟರ್‌ನ ಇದ್ದಿಲು ಹೊರಗೆ. ಲೆಕ್ಕ ಹಾಕುವಾಗ ಕಲ್ಲು, ಮರಳು ಹಿಡಿದ ಜಾಗ ಕಳೆದು, ಸಂಪ್‌ನ, ಅಂದರೆ ಟ್ಯಾಂಕ್‌ಗೆ ಜೋಡಿಸಿದ ಫಿಲ್ಟರ್ ತೊಟ್ಟಿಯ, ನೀರು ಸೇರಿಸಿ. ಸತ್ತ ಪಾಚಿ ಫಾಸ್ಫೇಟ್ ವಾಪಸ್ ಬಿಡುತ್ತದೆ, ಅದನ್ನು ಅಲ್ಲೇ ಕೊಳೆಯಲು ಬಿಡದೆ ಎಳೆದು ತೆಗೆಯಿರಿ.

ಮರಳಿನ ಮೇಲೆ ಕಡುಗೆಂಪು ಹಾಸು, ಎಳೆದರೆ ಹಾಳೆಯ ಹಾಗೆ ಎದ್ದು ಬಂದರೆ, ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಸೈಫನ್‌ನಲ್ಲಿ ಎಳೆದು, ನೀರಿನ ಹರಿವು ತಲುಪದ ಆ ಮೂಲೆಗೆ ಪಂಪಿನ ಮುಖ ತಿರುಗಿಸಿ.

ಎಲ್ಲಕ್ಕಿಂತ ಹಠಮಾರಿ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ. ಕಂದು ಲೋಳೆ, ನೂಲಿನ ತುದಿಗಳಲ್ಲಿ ಗಾಳಿಗುಳ್ಳೆ, ರಾತ್ರಿ ಅರ್ಧ ಮಾಯ, ಬೆಳಕಾದರೆ ಹಾಜರ್. ಬಸವನಹುಳುಗಳು ಮಂಕಾಗಿ ಸಾಯುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಮನೆಯಲ್ಲೇ ಪರೀಕ್ಷೆ ಇದೆ. ಸ್ವಲ್ಪ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ. ಸೋಸಿದ ನೀರನ್ನು ಒಂದು ಗಂಟೆ ದೀಪದ ಕೆಳಗಿಡಿ. ಮತ್ತೆ ಎಳೆಎಳೆಯಾಗಿ ಕೂಡಿಕೊಂಡರೆ ಡೈನೋ ಅಂತಲೇ ತಿಳಿಯಿರಿ.

ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದ ಟ್ಯಾಂಕ್‌ಗಳಲ್ಲೇ ಇದು ಹೆಚ್ಚಾಗಿ ಎದ್ದೇಳುವುದು. ಕೂದಲು ಪಾಚಿಯ ಮದ್ದನ್ನು ಅತಿಯಾಗಿ ಮಾಡಿದವರಿಗೆ ಸಿಗುವ ಬಹುಮಾನ ಅನ್ನಿ. ಇಲ್ಲಿ ಉಲ್ಟಾ ಹೋಗಬೇಕು. ಜಿಎಫ್‌ಓ ತೆಗೆದುಬಿಡಿ, ನೀರು ಬದಲಿಸುವುದನ್ನು ನಿಲ್ಲಿಸಿ, ಮೀನಿಗೆ ತುಸು ಹೆಚ್ಚು ಆಹಾರ ಹಾಕಿ, ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.1ರ ಹತ್ತಿರ ಬರಲಿ. ಆಸ್ಟ್ರಿಯಾಪ್ಸಿಸ್ ಜಾತಿಯದಾದರೆ ರಾತ್ರಿ ನೀರಿಗೆ ಬಿಟ್ಟುಕೊಳ್ಳುತ್ತದೆ, ಹಾಯುವ ನೀರಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯುವಿ (ನೇರಳಾತೀತ) ದೀಪಕ್ಕೆ ಸಿಕ್ಕಿ ಸಾಯುತ್ತದೆ. ಯುವಿಗೆ ನೀರನ್ನು ಸಂಪ್‌ನಿಂದಲ್ಲ, ಟ್ಯಾಂಕ್‌ನಿಂದಲೇ ಕೊಡಿ. ಆಂಫಿಡಿನಿಯಂ ಎಂಬ ಇನ್ನೊಂದು ಜಾತಿಯ ಡೈನೋ ಮರಳು ಬಿಟ್ಟು ಏಳುವುದಿಲ್ಲ, ಅದಕ್ಕೆ ಯುವಿ ವ್ಯರ್ಥ. ಎರಡರ ವ್ಯತ್ಯಾಸ ತಿಳಿಯಲು 400 ಪಟ್ಟು ಹಿಗ್ಗಿಸುವ ಸಾದಾ ಸೂಕ್ಷ್ಮದರ್ಶಕ ಸಾಕು. ಹನಿ ಆಕಾರದ ಜೀವಿ ಒಂದೇ ಬಿಂದುವಿಗೆ ಕಟ್ಟಿದಂತೆ ಗಿರಗಿರ ತಿರುಗುತ್ತಿದ್ದರೆ ಆಸ್ಟ್ರಿಯಾಪ್ಸಿಸ್. ಯುವಿ ಕೊಳ್ಳುವ ಮೊದಲು ಲೋಳೆ ಬೆರೆತ ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿಬಿಡಿ.