ಬಿದನೂರಿನ ಕಂದಾಯ, ಮೈಸೂರಿನ ಪಟ್ಟ

ಕೇಳುಗರೇ, ನಮಸ್ಕಾರ.

ಒಂದು ರಾಜ್ಯ ಯಾಕೆ ಏಳುತ್ತದೆ, ಯಾಕೆ ಬೀಳುತ್ತದೆ ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಯುದ್ಧದ ಹೆಸರು ಹೇಳುತ್ತಾರೆ. ಯಾರು ಗೆದ್ದರು, ಯಾರು ಸೋತರು, ಕೋಟೆಯ ಬಾಗಿಲು ತೆಗೆದ ದ್ರೋಹಿ ಯಾರು. ನಾನು ಇವತ್ತು ಕಂದಾಯದ ಲೆಕ್ಕ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಈ ಲೆಕ್ಕದಲ್ಲೂ ಒಬ್ಬ ರಾಜರ ಪಟ್ಟ ಹೋಗುತ್ತದೆ.

ಶಿವಪ್ಪ ನಾಯಕನ ಹೆಸರು ಶಿವಮೊಗ್ಗದವರಿಗೆ ಹೊಸದಲ್ಲ. ಊರೊಳಗೇ ಅವನ ಹೆಸರಿನ ಅರಮನೆ ಇದೆ. ಕೆಳದಿಯಲ್ಲಿ ಶುರುವಾಗಿ, ಇಕ್ಕೇರಿಗೆ ಬಂದು, ಆಮೇಲೆ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ರಾಜಧಾನಿ ಬದಲಿಸಿದ ಮನೆತನ ಅದು. ಅವನು ಆಳಿದ್ದು 1645ರಿಂದ 1660ರವರೆಗೆ. ಕರಾವಳಿಯಲ್ಲಿ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡ. ಅದು ದೊಡ್ಡ ಸಾಹಸವೇ. ಆದರೆ ಅವನು ಉಳಿದಿರುವುದು ಒಂದು ಲೆಕ್ಕದ ಪುಸ್ತಕದಿಂದ. ಜನ ಇವತ್ತಿಗೂ ‘ಶಿವಪ್ಪ ನಾಯಕನ ಶಿಸ್ತು’ ಅಂತಾರಲ್ಲ, ಅದೇ.

ಅವನು ಮಾಡಿದ್ದು ಹೀಗೆ. ಭೂಮಿಯನ್ನು ಗುಣ ನೋಡಿ ಐದು ತರ ಮಾಡಿಸಿದ. ಊರೂರಲ್ಲಿ ಒಂದೊಂದು ತರದ ಗದ್ದೆಯನ್ನು ಸರ್ಕಾರದ ಖರ್ಚಿನಲ್ಲೇ ಬೇಸಾಯ ಮಾಡಿಸಿದ. ಬಿತ್ತಿದ ಬೀಜ ಎಷ್ಟು, ಕೂಲಿ ಎಷ್ಟು, ಬಂದ ಭತ್ತ ಎಷ್ಟು, ಅದು ಮಾರಿದ್ದು ಎಷ್ಟಕ್ಕೆ, ಎಲ್ಲ ಬರೆಸಿದ. ಹೀಗೆ 12 ವರ್ಷ. ನೋಡಿ, ಆಳಿದ್ದೇ ಹದಿನೈದು ವರ್ಷ, ಅದರಲ್ಲಿ ಇಷ್ಟು ಕಾಲ ತಾಳ್ಮೆಯಿಂದ ಲೆಕ್ಕ ಬರೆಸಿದ್ದಾನೆ! ಕೊನೆಗೆ ಸರಾಸರಿ ತೆಗೆದು, ಬೆಳೆಯ ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಅಂತ ಗೊತ್ತು ಮಾಡಿದ.

ಅಡಿಕೆ ತೋಟಕ್ಕೆ ಬೇರೆ ಲೆಕ್ಕ. ತೋಟ ಅಳೆಯಲು ಒಂದು ಕೋಲು. ಆ ಕೋಲಿನ ಉದ್ದ ಇಕ್ಕೇರಿ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಮೆಟ್ಟಿಲಿನಷ್ಟು, ಸುಮಾರು ಹದಿನೆಂಟೂವರೆ ಅಡಿ ಅಂತ ಹಳೆಯ ಗೆಜೆಟಿಯರ್ ಹೇಳುತ್ತದೆ. ಎಂಥ ಯೋಚನೆ ನೋಡಿ. ಅಳೆಯಲು ಬಂದವನು ಕೋಲನ್ನು ಗೇಣು ಗಿಡ್ಡ ಮಾಡಿದರೆ ರೈತ ಅದನ್ನು ಸೀದಾ ದೇವಸ್ಥಾನಕ್ಕೆ ತಂದು ಮೆಟ್ಟಿಲ ಮೇಲೆ ಇಟ್ಟು ನೋಡಬಹುದು. ಕಲ್ಲಿಗೆ ಲಂಚ ಕೊಡೋಕಾಗಲ್ಲ, ಅಲ್ವಾ?

ಮೂರನೇ ಒಂದು ಪಾಲು ಅಂದರೆ ಕಡಿಮೆಯೇನಲ್ಲ. ಶಿವಪ್ಪ ನಾಯಕನನ್ನು ಸುಮ್ನೆ ದೇವರು ಮಾಡುವುದು ಬೇಡ. ಆದರೆ ಎಷ್ಟು ಕೊಡಬೇಕು ಅನ್ನುವುದು ಮೊದಲೇ ಗೊತ್ತಿತ್ತು. ತೋಟದವರನ್ನು ಕೇಳಿ. ಅಡಿಕೆ ಸಸಿ ನೆಟ್ಟರೆ ಕೈಗೆ ಫಸಲು ಬರಲು ಐದಾರು ವರ್ಷ ಬೇಕು. ಅದರ ಮೇಲೆ ಮೆಣಸಿನ ಬಳ್ಳಿ ಹತ್ತಿಸಬೇಕು. ಬರುವ ವರ್ಷ ಕಂದಾಯ ಎತ್ತುವ ಅಮಲ್ದಾರ ಎಷ್ಟು ಕಿತ್ತುಕೊಳ್ಳುತ್ತಾನೋ ಗೊತ್ತಿಲ್ಲದವನು ಸಸಿ ಯಾಕೆ ನೆಡುತ್ತಾನೆ? ಇಲ್ಲಿ ನೆಟ್ಟರು. ಮೆಣಸು, ಅಕ್ಕಿ ಘಟ್ಟ ಇಳಿದು ಬಸರೂರಿನಂಥ ಬಂದರುಗಳಿಗೆ ಹೋಯಿತು. ಗೋವಾದ ಪೋರ್ಚುಗೀಸರು ಊಟಕ್ಕೆ ನಮ್ಮ ಕಡೆಯ ಅಕ್ಕಿಯನ್ನೇ ನಂಬಿದ್ದರು. ಆ ದುಡ್ಡಿನ ಬಲ ಇದ್ದದ್ದಕ್ಕೇ ಮುಂದೆ ಇದೇ ಮನೆತನದ ರಾಣಿ, ಕೆಳದಿ ಚೆನ್ನಮ್ಮ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೂ ಎದುರಿಸಿದಳು. ಧೈರ್ಯ ಅವಳದ್ದೇ, ಆದರೆ ಸೈನಿಕರ ಸಂಬಳ ಗದ್ದೆ ತೋಟಗಳಿಂದ ಬಂದದ್ದು.

ಹಾಗಾದರೆ ಬಿದನೂರು ಬಿದ್ದದ್ದು ಯಾಕೆ? ಕಂದಾಯ ಕೆಟ್ಟು ಅಲ್ಲ, ಮನೆ ಕೆಟ್ಟು. ಪಟ್ಟ ಯಾರಿಗೆ ಅನ್ನುವ ಜಗಳ. ರಾಣಿ ವೀರಮ್ಮಾಜಿಯ ಕಾಲದಲ್ಲಿ ನಾನೇ ವಾರಸುದಾರ ಅಂತ ಒಬ್ಬ ಹೈದರಾಲಿಯ ಬಳಿಗೆ ಹೋದ. 1763ರಲ್ಲಿ ಹೈದರ್ ನಗರವನ್ನು ಹಿಡಿದ. ತುಂಬಿದ ಖಜಾನೆಗೆ ಕಾವಲು ಗಟ್ಟಿ ಇಲ್ಲದಿದ್ದರೆ ಅದು ಪಕ್ಕದವನನ್ನು ಕೂಗಿ ಕರೆಯುತ್ತದೆ.

ಆದರೆ ಹೈದರ್ ಜಾಣ. ಇಕ್ಕೇರಿ ವರಾಹ ಅನ್ನುವ ಚಿನ್ನದ ನಾಣ್ಯದ ಮೇಲೆ ಶಿವ ಪಾರ್ವತಿಯರ ಚಿತ್ರ ಇತ್ತು. ಹೈದರ್ ತನ್ನ ವರಾಹ ಹಾಕಿಸಿದಾಗ ಅದೇ ಶಿವ ಪಾರ್ವತಿಯರನ್ನು ಉಳಿಸಿಕೊಂಡ. ಹಿಂದುಗಡೆ ತನ್ನ ಹೆಸರಿನ ಒಂದು ಪಾರಸಿ ಅಕ್ಷರ, ಅಷ್ಟೇ. ಸಂತೆಯಲ್ಲಿ ಜನ ನಂಬಿದ ನಾಣ್ಯವನ್ನು ಕೆಡಿಸಬಾರದು ಅನ್ನುವುದು ಅವನಿಗೆ ಗೊತ್ತಿತ್ತು.

ಈಗ 1799ಕ್ಕೆ ಬರೋಣ. ಟಿಪ್ಪು ಸತ್ತ. ಮೈಸೂರು ಒಡೆಯರಿಗೆ ವಾಪಸು ಬಂತು, ಆದರೆ ವರ್ಷಕ್ಕೆ 7 ಲಕ್ಷ ವರಾಹ ಈಸ್ಟ್ ಇಂಡಿಯಾ ಕಂಪನಿಗೆ ಕಟ್ಟಬೇಕು. ಆ ಹಣಕ್ಕೆ ಅಪಾಯ ಬಂದರೆ ಆಡಳಿತಕ್ಕೆ ಕೈ ಹಾಕುವ ಹಕ್ಕನ್ನೂ ಕಂಪನಿ ಒಪ್ಪಂದದಲ್ಲೇ ಬರೆಸಿಕೊಂಡಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ವಿದ್ವಾಂಸರಿಗೆ, ಕಲಾವಿದರಿಗೆ ಕೈಬಿಚ್ಚಿ ಕೊಟ್ಟವರು. ಖರ್ಚು ಜಾಸ್ತಿಯಾಯಿತು. ಆಗ ಬಲವಾದದ್ದು ಶರ್ತಿ ಪದ್ಧತಿ. ಅಮಲ್ದಾರ ಇಷ್ಟು ಹಣ ಎತ್ತಿಕೊಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಅವನು ಕೈಯಿಂದ ಯಾಕೆ ತುಂಬುತ್ತಾನೆ? ರೈತನ ಕುತ್ತಿಗೆ ಹಿಡಿದ. ಅತ್ತ ಮರಾಠರ ಯುದ್ಧಗಳು 1818ಕ್ಕೆ ಮುಗಿದಿದ್ದವು. ಸೈನ್ಯಗಳಿಗೆ ಧಾನ್ಯ ಕೊಳ್ಳುವವರು ಕಡಿಮೆಯಾಗಿ ಬೆಲೆ ಇಳಿಯಿತು. ಹಣದಲ್ಲಿ ಕಟ್ಟುವ ಕಂದಾಯ ಮಾತ್ರ ಇಳಿಯಲಿಲ್ಲ.

ಫ್ರಾನ್ಸಿನ ರಾಜರೂ ತೆರಿಗೆ ಎತ್ತುವುದನ್ನು ಗುತ್ತಿಗೆಗೆ ಕೊಟ್ಟಿದ್ದರು. 1789ರ ಕ್ರಾಂತಿಗೆ ಜನರ ಸಿಟ್ಟು ಕೂಡಿಟ್ಟವರಲ್ಲಿ ಆ ಗುತ್ತಿಗೆದಾರರೂ ಸೇರಿದ್ದರು. 1794ರಲ್ಲಿ ಅವರಲ್ಲಿ ಹಲವರ ತಲೆ ಹೋಯಿತು. ರಸಾಯನ ವಿಜ್ಞಾನಿ ಲಾವೋಸಿಯೇ ಕೂಡ ಅಂಥ ಒಬ್ಬ ಗುತ್ತಿಗೆದಾರ.

ನಮ್ಮಲ್ಲಿ 1830ರ ಆಗಸ್ಟ್‌ನಲ್ಲಿ ಆನಂದಪುರದ ಕಡೆಯಿಂದ ರೈತರು ಬೇರೆ ಸೀಮೆಯವರಿಗೂ ಕೂಟ ಸೇರಲು ಕರೆ ಕಳಿಸಿದರು. ಕಂದಾಯ ಕಟ್ಟಲ್ಲ ಅಂದರು. ಬೂದಿ ಬಸವಪ್ಪ ಅನ್ನುವವನು ನಗರದ ಗಾದಿಗೆ ನಾನೇ ವಾರಸುದಾರ ಅಂತ ಎದ್ದು ನಿಂತ. ಬಿದನೂರು ಬಿದ್ದು ಅರವತ್ತೇಳು ವರ್ಷವಾಗಿತ್ತು, ಆದರೂ ಆ ಹೆಸರು ಹೇಳಿದರೆ ಜನ ಸೇರಿದರು. ಹೊಟ್ಟೆಯ ಸಿಟ್ಟಿಗೆ ಹಳೆಯ ಗಾದಿಯ ನೆನಪು ಸೇರಿದರೆ ಅದನ್ನು ಅಡಗಿಸುವುದು ಕಷ್ಟ. ದಂಗೆ ಅಡಗಿಸಲು ಕಂಪನಿಯ ಸೈನ್ಯವೇ ಬರಬೇಕಾಯಿತು. 1831ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡ. ಒಡೆಯರು ಅರಮನೆಯಲ್ಲಿ ಉಳಿದರು, ಅಧಿಕಾರ ಉಳಿಯಲಿಲ್ಲ.

ಆಮೇಲೆ ಕಮಿಷನರ್ ಆಗಿ ಬಂದ ಮಾರ್ಕ್ ಕಬ್ಬನ್ ಶರ್ತಿ ತೆಗೆದುಹಾಕಿದ. ನೂರಾರು ಚಿಲ್ಲರೆ ತೆರಿಗೆಗಳನ್ನು ರದ್ದು ಮಾಡಿದ. ಬೆಳೆ ಕೈಗೆ ಬರುವ ಹೊತ್ತು ನೋಡಿ ಕಂತಿನಲ್ಲಿ ಕಂದಾಯ ಕಟ್ಟಿಸಿಕೊಂಡ. ಗದ್ದೆಯೂ ಅದೇ, ರೈತರೂ ಅವರೇ. ಅಷ್ಟಕ್ಕೇ ಖಜಾನೆ ಚೇತರಿಸಿಕೊಂಡಿತು. ಇದನ್ನು ಮೈಸೂರಿನವರೇ ಮಾಡಬಹುದಿತ್ತು. ಮಾಡದೇ ಇದ್ದದ್ದಕ್ಕೆ ಬೆಲೆ ಕಟ್ಟಬೇಕಾಯಿತು. ಪಟ್ಟ ವಾಪಸು ಬರಲು 50 ವರ್ಷ ಹಿಡಿಯಿತು. 1881ರಲ್ಲಿ ಬಂದಾಗ ಜೊತೆಗೆ ಹೊಸ ಕರಾರೂ ಬಂತು: ಬ್ರಿಟಿಷರಿಗೆ ಕಟ್ಟುವ ಕಪ್ಪ ವರ್ಷಕ್ಕೆ ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿಯಿಂದ 35 ಲಕ್ಷಕ್ಕೆ ಏರಬೇಕು ಅಂತ. ಆ ಹಣ ಬರಬೇಕಾದದ್ದೂ ಇದೇ ಗದ್ದೆ ತೋಟಗಳಿಂದಲೇ.